ಮುಂದಿನ ತರಗತಿಯ ಗಣಿತಕ್ಕೆ ಯಾರನ್ನು ಆರಿಸಬೇಕು: ನನ್ನ ಅನುಭವ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತೋಟದ ಲೈನ್ ಮನೆಗಳವರು, ಅಂದರೆ ಕೂಲಿ ಕಾರ್ಮಿಕರ ಸಾಲುಮನೆಗಳವರು. ಅವರಲ್ಲಿ ಬುಡಕಟ್ಟು ಸಮುದಾಯಗಳಾದ ಎರವರ ಮಕ್ಕಳಿದ್ದಾರೆ, ಜೇನುಕುರುಬರ ಮಕ್ಕಳಿದ್ದಾರೆ, ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಉಳಿದವರು ಸಣ್ಣ ಬೆಳೆಗಾರರ, ಅಂಗಡಿಯವರ, ಜೀಪು ಓಡಿಸುವವರ ಮನೆಯವರು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಆಡುವ ಈ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಸರಿಯಾಗಿ ಕೇಳುವುದೇ ಶಾಲೆಗೆ ಬಂದ ಮೇಲೆ.

1995ರಲ್ಲಿ ನಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ ಮೂರನೇ ತರಗತಿಯವರೆಗೆ ಪ್ರತಿ ಮಗುವೂ ಕಲಿಕಾ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಾಠಗಳನ್ನು, ತನ್ನದೇ ವೇಗದಲ್ಲಿ ಏರುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಪುಟ. ಬೇಗ ಬೇಗ ಏಣಿ ಹತ್ತುತ್ತಿದ್ದ ಮಗು ಅಲ್ಲಿ ನಿಂತು ಕಾಯಬೇಕಾಗುತ್ತದೆ, ಕಾಯುತ್ತಾ ಕಾಯುತ್ತಾ ಗಣಿತದ ಮೇಲಿನ ಆಸೆಯನ್ನೇ ಬಿಟ್ಟುಬಿಡುತ್ತದೆ ಎಂಬುದನ್ನು ನೋಡಿ ನೋಡಿ, ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಪ್ಪಿಗೆ ಪಡೆದು ಒಂದು ಪ್ರಯೋಗ ಮಾಡಿದೆ. ನಾಲ್ಕರಿಂದ ಆರನೇ ತರಗತಿಯವರೆಗೆ ಗಣಿತದ ಅವಧಿಯನ್ನು ಒಂದೇ ಹೊತ್ತಿಗೆ ಇಟ್ಟುಕೊಂಡು, ನಾಲ್ಕು ಮತ್ತು ಐದನೇ ತರಗತಿಯಲ್ಲಿ ಚುರುಕಾಗಿರುವವರನ್ನು ಆ ಒಂದು ಅವಧಿಗೆ ಮಾತ್ರ ಮುಂದಿನ ತರಗತಿಯ ಪಾಠಕ್ಕೆ ಕೂರಿಸಿದೆ. ವ್ಯವಸ್ಥೆ ಇಷ್ಟೇ. ಕಷ್ಟವಿದ್ದದ್ದು ಆಯ್ಕೆಯಲ್ಲಿ.

ಮೊದಲ ವರ್ಷ ನಾನು ಆರಿಸಿದ್ದು ಎಲ್ಲರೂ ಆರಿಸುವ ಹಾಗೆಯೇ: ಕಿರುಪರೀಕ್ಷೆಯ ಅಂಕ ನೋಡಿದೆ, ಸಹೋದ್ಯೋಗಿಗಳ ಅಭಿಪ್ರಾಯ ಕೇಳಿದೆ, ಬಂದು ಕೇಳಿಕೊಂಡ ಪೋಷಕರ ಮಾತಿಗೂ ಬೆಲೆ ಕೊಟ್ಟೆ. ಒಂಬತ್ತು ಮಕ್ಕಳು ಆಯ್ಕೆಯಾದರು. ಅವರಲ್ಲಿ ಲೈನ್ ಮನೆಯವನು ಒಬ್ಬನೇ ಎಂಬುದು ಏಳು ತಿಂಗಳು ನನ್ನ ಗಮನಕ್ಕೇ ಬರಲಿಲ್ಲ. ಅದನ್ನು ಇಂದಿಗೂ ನನ್ನ ತಪ್ಪೆಂದೇ ಭಾವಿಸುತ್ತೇನೆ.

ಜನವರಿಯ ಕೊನೆಯಲ್ಲಿ, ರೊಬಸ್ಟಾ ಕೊಯ್ಲಿನ ಹೊತ್ತಿಗೆ, ಶಾಲೆಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಒಂದು ತೋಟಕ್ಕೆ ಹೋಗಿದ್ದೆ. ಸಂಜೆಯ ತೂಕ ನಡೆಯುತ್ತಿತ್ತು. ಹಣ್ಣಿನ ಚೀಲಗಳ ಸಾಲು, ತಕ್ಕಡಿಯ ಪಕ್ಕದಲ್ಲಿ ಪುಸ್ತಕ ಹಿಡಿದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ನಮ್ಮ ನಾಲ್ಕನೇ ತರಗತಿಯ ಎರವರ ಹುಡುಗಿಯೊಬ್ಬಳು ಕೈತುಂಬಾ ಕಾಫಿ ಹಣ್ಣಿನ ಅಂಟು ಮೆತ್ತಿಕೊಂಡು ತಾಯಿಯ ಪಕ್ಕ ನಿಂತಿದ್ದಳು. ತಾಯಿಯದು 86 ಕಿಲೋ, ತಂದೆಯದು 74 ಕಿಲೋ, ಕಿಲೋಗೆ ನಾಲ್ಕೂವರೆ ರೂಪಾಯಿ. ರೈಟರ್ ಮೊಬೈಲಿನಲ್ಲಿ ಲೆಕ್ಕ ಒತ್ತಿ ಮುಗಿಸುವ ಮೊದಲೇ ಅವಳು ತಾಯಿಗೆ ‘ಏಳ್ನೂರ ಇಪ್ಪತ್ತು’ ಎಂದಳು. ಹೇಗೆ ಮಾಡಿದೆ ಮಗಾ ಎಂದು ಕೇಳಿದೆ. ‘ಎರಡೂ ಸೇರಿ ನೂರ ಅರವತ್ತು ಟೀಚರ್. ನಾಲ್ಕು ಸಲ ಅಂದ್ರೆ ಆರ್ನೂರ ನಲ್ವತ್ತು. ಅರ್ಧ ರೂಪಾಯಿದು ಎಂಬತ್ತು.’

ನನ್ನ ಪರೀಕ್ಷೆಯಲ್ಲಿ ಅವಳಿಗೆ ಬಂದಿದ್ದದ್ದು ನಲವತ್ತಕ್ಕೆ ಹನ್ನೊಂದು. ಆ ರಾತ್ರಿ ಉತ್ತರ ಪತ್ರಿಕೆಯನ್ನು ತೆಗೆದು ಮತ್ತೆ ನೋಡಿದೆ. ಬರೀ ಅಂಕಿಗಳಿದ್ದ ಲೆಕ್ಕಗಳೆಲ್ಲ ಸರಿಯಿದ್ದವು. ‘ವ್ಯಾಪಾರಿಯೊಬ್ಬನು’ ಎಂದು ಶುರುವಾಗುವ ಮೂರು ಸಾಲಿನ ಪ್ರಶ್ನೆಗಳನ್ನು ಅವಳು ಮುಟ್ಟಿಯೇ ಇರಲಿಲ್ಲ. ನಾನು ಗಣಿತವನ್ನು ಅಳೆಯುತ್ತಿದ್ದೇನೆಂದುಕೊಂಡು ಕನ್ನಡದ ಓದನ್ನು ಅಳೆದಿದ್ದೆ.

ಮುಂದಿನ ಜೂನ್‌ನಲ್ಲಿ ಆಯ್ಕೆಯ ಕ್ರಮವನ್ನು ಪೂರ್ತಿ ಬದಲಿಸಿದೆ. ಯಾರ ಶಿಫಾರಸೂ ಇಲ್ಲದೆ, ಎರಡೂ ತರಗತಿಗಳ ಪ್ರತಿ ಮಗುವನ್ನೂ ಪರೀಕ್ಷೆಗೆ ಕೂರಿಸಿದೆ. ಪ್ರಶ್ನೆಗಳಲ್ಲಿ ಮಾತು ಕಡಿಮೆ. ಆಕೃತಿಗಳ ಸರಣಿ, ಕಾಗದ ಮಡಿಸುವುದು, ಬೆಂಕಿಕಡ್ಡಿಗಳ ಜೋಡಣೆ. ಒಂದು ಚೌಕಕ್ಕೆ ನಾಲ್ಕು ಕಡ್ಡಿ, ಅದಕ್ಕೇ ಅಂಟಿದಂತೆ ಇನ್ನೊಂದು ಚೌಕ ಮಾಡಿದರೆ ಒಟ್ಟು ಏಳು, ಮೂರಕ್ಕೆ ಹತ್ತು, ಹಾಗಾದರೆ ಇಪ್ಪತ್ತು ಚೌಕಕ್ಕೆ ಎಷ್ಟು? ಏನು ಮಾಡಬೇಕೆಂಬುದನ್ನು ಕನ್ನಡದಲ್ಲಿ ಹೇಳಿ, ಏಳನೇ ತರಗತಿಯ ಹುಡುಗನೊಬ್ಬನಿಂದ ಎರವ ಭಾಷೆಯಲ್ಲಿ ಹೇಳಿಸಿ, ಅಸ್ಸಾಮಿನ ಮಕ್ಕಳಿಗೆ ನನಗೆ ಬರುವ ಹಿಂದಿಯಲ್ಲಿ ತಿಳಿಸಿದೆ. ಸಮಯದ ಮಿತಿ ಇಡಲಿಲ್ಲ. ಅಂದು ಬಾರದಿದ್ದವರಿಗೆ ಒಂದು ವಾರದ ನಂತರ ಮತ್ತೊಮ್ಮೆ ನಡೆಸಿದೆ.

ಈ ಧೈರ್ಯ ನನಗೆ ಬಂದದ್ದು ಒಂದು ಓದಿನಿಂದಲೂ ಹೌದು. ಅಮೆರಿಕದ ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ 2005ರಲ್ಲಿ, ಪೋಷಕರೂ ಶಿಕ್ಷಕರೂ ಹೆಸರು ಸೂಚಿಸುವ ಪದ್ಧತಿಯನ್ನಷ್ಟೇ ನಂಬದೆ, ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತಿನ ಹಂಗಿಲ್ಲದ ಪರೀಕ್ಷೆಯನ್ನು ಕೊಟ್ಟಾಗ, ಪ್ರತಿಭಾವಂತರ ತರಗತಿಗಳಿಗೆ ಬಡ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳು ಹೆಚ್ಚಾಗಿ ಬಂದರೆಂದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ 2016ರಲ್ಲಿ ತೋರಿಸಿದ್ದರು. ದುಡ್ಡಿನ ಅಭಾವದಿಂದ ಆ ಪರೀಕ್ಷೆ ನಿಂತಾಗ ಸ್ಥಿತಿ ಮತ್ತೆ ಮೊದಲಿನಂತೆಯೇ ಆಯಿತಂತೆ. ಆ ಊರೂ ನಮ್ಮ ಊರೂ ಬೇರೆ. ಆದರೆ ಕೇಳಿಕೊಂಡು ಬರಲು ಆಗದ ತಾಯಿ ಎಲ್ಲ ಊರಿನಲ್ಲಿಯೂ ಇದ್ದಾಳೆ.

ಆ ವರ್ಷ ಹದಿನಾಲ್ಕು ಮಕ್ಕಳು ಬಂದರು, ಅವರಲ್ಲಿ ಆರು ಮಂದಿ ಲೈನ್ ಮನೆಯವರು. ಆಗ ಒಬ್ಬ ಬೆಳೆಗಾರರು ಶಾಲೆಗೆ ಬಂದು, ‘ಅವ್ರಿಗೆ ಓದೋಕೇ ಸರಿಯಾಗಿ ಬರಲ್ಲ ಮೇಡಂ, ಅವ್ರ ಜೊತೆ ಕೂರ್ಸಿದ್ರೆ ನನ್ನ ಮಗಂದು ನಿಧಾನ ಆಗಲ್ವಾ?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಒಬ್ಬ ತಂದೆಯ ನಿಜವಾದ ಆತಂಕವಿತ್ತು. ಹಾಗಾಗಿ ಒಂದು ದಿನ ತರಗತಿಯಲ್ಲಿ ಬಂದು ಕುಳಿತುಕೊಳ್ಳಿ ಎಂದೆ, ಬಂದರು. ಅದೇ ಕಡ್ಡಿಗಳ ಲೆಕ್ಕವನ್ನು ನೂರು ಚೌಕಗಳಿಗೆ ಕೊಟ್ಟಿದ್ದೆ. ಅವರ ಮಗ ಮೂರು ಮೂರು ಕೂಡಿಸುತ್ತಾ ಹೋಗುತ್ತಿದ್ದ. ಪಕ್ಕದ ಲೈನ್ ಮನೆಯ ಹುಡುಗ ಸ್ಲೇಟಿನಲ್ಲಿ ಒಂದೇ ಒಂದು ಕಡ್ಡಿ ಬರೆದು, ಆಮೇಲೆ ಪ್ರತಿ ಚೌಕಕ್ಕೂ ಮೂರೇ ಸಾಕು, ಆದ್ದರಿಂದ ನೂರರ ಮೂರು ಪಟ್ಟು, ಮೇಲೆ ಒಂದು, ಮುನ್ನೂರ ಒಂದು ಎಂದು ತೋರಿಸಿದ. ಬೀಜಗಣಿತವೆಂಬ ಹೆಸರು ಹೇಳದೆಯೇ ಬೀಜಗಣಿತ ಅಲ್ಲಿಗೆ ಬಂದಿತ್ತು. ಆ ತಂದೆಯವರ ಅನುಮಾನ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಹುಡುಗನನ್ನು ಮಾತ್ರ ಬಿಡಿಸಲಿಲ್ಲ.

ಹೀಗೆ ಬೇರೆ ಮಾಡುವುದೇ ಅನ್ಯಾಯ, ಇಂಥ ತರಗತಿಗಳೇ ಬೇಡ ಎನ್ನುವವರೂ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳು ಸಮಾನತೆಯ ಕಾರಣಕ್ಕೆ 2014ರಲ್ಲಿ ಬೀಜಗಣಿತವನ್ನು ಎಂಟರಿಂದ ಒಂಬತ್ತನೇ ತರಗತಿಗೆ ಮುಂದೂಡಿ, ಹತ್ತು ವರ್ಷಗಳ ನಂತರ ಮತ್ತೆ ಎಂಟಕ್ಕೆ ತರಲು ನಿರ್ಧರಿಸಿದವು. ನಾನು ಮುಚ್ಚುವುದರ ಪರವಲ್ಲ. ಶಾಲೆಯಲ್ಲಿ ಇದನ್ನು ನಿಲ್ಲಿಸಿದರೆ ಅನುಕೂಲವಿದ್ದವರ ಮಕ್ಕಳು ಗೋಣಿಕೊಪ್ಪದಲ್ಲಿ ಟ್ಯೂಷನ್‌ಗೆ ಹೋಗುತ್ತಾರೆ. ತೂಕದ ಹೊತ್ತಿನಲ್ಲಿ ತಲೆಯಲ್ಲೇ ಲೆಕ್ಕ ಮಾಡುವ ಹುಡುಗಿಗೆ ಇರುವುದು ನಮ್ಮ ಶಾಲೆಯೊಂದೇ. ಆದರೆ ಉಳಿದ ಮಕ್ಕಳ ಪಾಠ ಸೊರಗಬಾರದೆಂಬ ಷರತ್ತನ್ನು ನಾನೂ ಒಪ್ಪುತ್ತೇನೆ. ಅದಕ್ಕಾಗಿಯೇ ಅವರನ್ನು ನಮ್ಮಲ್ಲಿ ಹೆಚ್ಚು ಅನುಭವವಿರುವ ಶಿಕ್ಷಕಿಗೆ ಒಪ್ಪಿಸಿದ್ದೇವೆ. ಸೆಪ್ಟೆಂಬರ್‌ನಲ್ಲಿ ಮತ್ತು ಜನವರಿಯ ಆರಂಭದಲ್ಲಿ ಎಲ್ಲರನ್ನೂ ಮತ್ತೆ ನೋಡುತ್ತೇವೆ. ಕಳೆದ ವರ್ಷ ಹೀಗೆ ನಡುವೆ ಮೂವರು ಬಂದು ಸೇರಿದರು.

ಮೊದಲ ವರ್ಷ ಹಾಜರಾತಿ ಶೇಕಡಾ 80ಕ್ಕಿಂತ ಕಡಿಮೆಯಾದರೆ ತಂಡದಿಂದ ಬಿಡಿಸುವುದೆಂದು ನಾನೇ ನಿಯಮ ಮಾಡಿದ್ದೆ. ಕೊಯ್ಲಿನ ತಿಂಗಳುಗಳಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಹೆಣ್ಣುಮಕ್ಕಳನ್ನು ಆ ನಿಯಮ ನೇರವಾಗಿ ಹೊರಗಿಡುತ್ತಿತ್ತು. ಈಗ ಅದಿಲ್ಲ. ಪಾಠದ ಹಾಳೆಗಳನ್ನು ಒಂದು ಬಟ್ಟೆಚೀಲದಲ್ಲಿ ಹಾಕಿ ಕೊಡುತ್ತೇವೆ, ಅಕ್ಕಪಕ್ಕದ ಲೈನಿನ ಮಗು ತಂದು ಒಪ್ಪಿಸುತ್ತದೆ. ಮಳೆಯ ರಜೆಗಳಲ್ಲಿಯೂ ಅದೇ ಚೀಲ.

ಆ ಹುಡುಗಿ ಎರಡನೇ ವರ್ಷ ತಂಡ ಸೇರಿ ಡಿಸೆಂಬರ್ ಹೊತ್ತಿಗೆ ಪೂರ್ಣಾಂಕಗಳನ್ನು ಮುಗಿಸಿ ಅನುಪಾತಕ್ಕೆ ಬಂದಿದ್ದಳು. ಅಷ್ಟರಲ್ಲಿ ತಂದೆ ತಾಯಿ ಸಿದ್ದಾಪುರದ ಕಡೆಯ ತೋಟಕ್ಕೆ ಹೋದರು. ವರ್ಗಾವಣೆ ಪತ್ರದಲ್ಲಿ ಮಗು ಯಾವ ತರಗತಿಯಲ್ಲಿದೆ ಎಂದು ಬರೆಯಲು ಜಾಗವಿದೆ, ಗಣಿತದಲ್ಲಿ ಎಲ್ಲಿಗೆ ಮುಟ್ಟಿದೆ ಎಂದು ಬರೆಯಲು ಇಲ್ಲ. ಅದನ್ನು ಬೇರೆ ಹಾಳೆಯಲ್ಲಿ ಬರೆದು, ನನ್ನ ಫೋನ್ ನಂಬರ್ ಹಾಕಿ, ಅವಳ ತಾಯಿಯ ಕೈಗೆ ಕೊಟ್ಟೆ. ಹತ್ತು ದಿನಗಳ ಮೇಲೆ ಅಲ್ಲಿನ ಶಿಕ್ಷಕರು ಫೋನ್ ಮಾಡಿ, ಬೆಂಕಿಕಡ್ಡಿಯ ಪ್ರಶ್ನೆಗಳ ಹಾಳೆಯನ್ನು ಕಳುಹಿಸಲಾಗುತ್ತದೆಯೇ, ಇಡೀ ತರಗತಿಗೆ ಕೊಟ್ಟು ನೋಡುತ್ತೇನೆ ಎಂದರು. ಅಂದೇ ಕಳುಹಿಸಿದೆ.