ಭತ್ತದ ಕಾಟಾಕ್ಕೆ ಲಿನಕ್ಸ್: ಎಲ್ಲಿತನಕ ನಾವು, ಎಲ್ಲಿಂದ ಮೆಕ್ಯಾನಿಕ್

ಸಿಂಧನೂರಿನ ಮಿಲ್ಲೊಂದರ ಲಾರಿ ಕಾಟಾದ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕ್ತೀನಿ ಅಂದಾಗ, "ಸುಗ್ಗ್ಯಾಗ ಲಾರಿ ಸಾಲು ನಿಂತ್ರ ಯಾರಿಗೆ ಫೋನ್ ಹಚ್ತಿ?" ಅಂದವರೇ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಎರಡು ಬೆಳೆಯ ಭತ್ತ ತೂಗಿ ಆಯಿತು. ಹೊರಗಿನವರನ್ನು ಕರೆಸಿದ್ದು ಒಂದೇ ಸಲ, ಅದೂ ಲಿನಕ್ಸಿಗಲ್ಲ. ಮೊದಲು ಸುಗ್ಗಿಗೆ ನಾಲ್ಕೈದು ಸಲ ಬರುತ್ತಿದ್ದರು, ಸಲಕ್ಕೆ ಎರಡೂವರೆ ಮೂರು ಸಾವಿರ.

ಮಷೀನ್ ಹಳೆಯದೇ: 4 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಲಿನಕ್ಸಿನ ಮಿಂಟ್ 21 ಆವೃತ್ತಿ. ಇನ್‌ಸ್ಟಾಲ್ ಬಗ್ಗೆ ಹೇಳುವಂಥದ್ದೇನಿಲ್ಲ. ಕಾಡಿದ್ದು ಇಂಡಿಕೇಟರಿನಿಂದ, ಅಂದರೆ ಕಾಟಾದ ತೂಕ ತೋರಿಸುವ ಪೆಟ್ಟಿಗೆಯಿಂದ, ತೂಕ ಓದುವ ಕೆಲಸ.

ಇಂಡಿಕೇಟರಿನ ಸೀರಿಯಲ್ ಕೇಬಲನ್ನು ಯುಎಸ್‌ಬಿಗೆ ಸೇರಿಸುವ, ಸಿಎಚ್340 ಚಿಪ್ಪಿನ 250 ರೂಪಾಯಿಯ ಕನ್ವರ್ಟರ್ ಚುಚ್ಚಿದರೆ ಲಿನಕ್ಸಿನ ದಾಖಲೆ ತೋರಿಸುವ ಡಿಮೆಸೇಜಿನಲ್ಲಿ ಪೋರ್ಟ್ ಕಾಣಿಸಿ ಮರುಕ್ಷಣವೇ ಮಾಯ. ಕನ್ವರ್ಟರೇ ಕೆಟ್ಟಿದೆ ಅಂತ ಇನ್ನೆರಡು ತಂದು ಐನೂರು ದಂಡ ತೆತ್ತೆ. ಅಡ್ಡ ಬಂದಿದ್ದು ಬಿಆರ್‌ಎಲ್‌ಟಿಟಿವೈ, ಅಂಧರ ಬ್ರೈಲ್ ಸಾಧನಕ್ಕಾಗಿ ಇರುವ ಪ್ಯಾಕೇಜ್. ಉಬುಂಟು 22.04ರ ಮೇಲೆ ನಿಂತ ಮಿಂಟಿನಲ್ಲಿ ಅದು ಈ ಚಿಪ್ಪಿನ ಐಡಿ ನೋಡಿ ತನ್ನದೇ ಅಂದುಕೊಂಡು ಹಿಡಿದುಬಿಡುತ್ತದೆ. ಬ್ರೈಲ್ ಬಳಸುವವರಿಲ್ಲದ ಕಡೆ ಅದನ್ನು ಕಿತ್ತರೆ ಮುಗಿಯಿತು. ಪರ್ಮಿಶನ್ ಡಿನೈಡ್ ಬಂದರೆ ಯೂಸರನ್ನು ಪೋರ್ಟ್ ತೆರೆಯುವ ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. ಪ್ರತಿಯೊಂದಕ್ಕೂ ಸುಡೋ (ಅಡ್ಮಿನ್ ಅಧಿಕಾರದ ಕಮಾಂಡ್) ಹೊಡೆಯುವ ಚಟ ಬೇಡ.

ಆಮೇಲೆ ಅಂಕಿಗಳ ಗೋಳು. 0, 3, 5, 6, 9 ಸರಿಯಾಗಿ ಬರುತ್ತವೆ. 1, 2, 4, 7, 8 ಬಂದಲ್ಲೆಲ್ಲ ಕಸ. ಇದನ್ನು ನೋಡಿ ಕೇಬಲ್ ಬದಲಿಸಲು ಹೊರಟವರಿದ್ದಾರೆ. ಇಂಡಿಕೇಟರ್ 7 ಬಿಟ್, ಈವನ್ ಪ್ಯಾರಿಟಿಯಲ್ಲಿ (ತಪ್ಪು ಪತ್ತೆಗೆ ಸೇರಿಸುವ ಒಂದು ಹೆಚ್ಚುವರಿ ಬಿಟ್) ಕಳಿಸುತ್ತಿದೆ, ನೀವು 8 ಬಿಟ್, ಪ್ಯಾರಿಟಿ ಇಲ್ಲದೆ ಓದುತ್ತಿದ್ದೀರಿ, ಅಷ್ಟೇ. ಎಲ್ಲ ಅಂಕಿಯೂ ಕಸವಾದರೆ ಮೊದಲು ಬಾಡ್ ರೇಟ್, ಅಂದರೆ ಡೇಟಾ ಕಳಿಸುವ ವೇಗ, ನೋಡಿ: ಹೆಚ್ಚಾಗಿ 9600, ಅಲ್ಲದಿದ್ದರೆ 2400.

ಎರಡು ಕನ್ವರ್ಟರ್ ಇದ್ದರೆ ರೀಬೂಟ್ ಆದಾಗ ಅವುಗಳ ಪೋರ್ಟ್ ನಂಬರ್ 0 ಮತ್ತು 1 ಅದಲುಬದಲಾಗಬಹುದು. ಸಿಎಚ್340ಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲವಾದ್ದರಿಂದ ಸಾಧನದ ಗುರುತಿನಿಂದ ಹುಡುಕುವ ಬೈ-ಐಡಿ ಉಪಯೋಗಕ್ಕೆ ಬಾರದು, ಚುಚ್ಚಿದ ಜಾಗದಿಂದ ಹುಡುಕುವ ಬೈ-ಪಾತ್ ಹಿಡಿಯಿರಿ. ಯಾವ ಯುಎಸ್‌ಬಿ ತೂತಿಗೆ ಯಾವುದು ಅಂತ ಬಣ್ಣ ಬಳಿದಿಟ್ಟಿದ್ದೇನೆ. ತೂಕ ನಿಂತಿದೆ ಎನ್ನಲು ಒಂದೇ ಅಂಕಿ ಹತ್ತು ಸಲ ಬರಬೇಕು. ಲಾರಿಯ ಹಿಂಗಾಲಿ ಪೂರ್ತಿ ಹತ್ತಿದೆಯೋ ಇಲ್ಲವೋ ಪತ್ತೆ ಮಾಡುವ ನಾಲ್ಕು ಸಾಲು ಮಾತ್ರ ನನ್ನಲ್ಲೇ ಇರಲಿ.

ಚೀಟಿ ಕನ್ನಡದಲ್ಲಿ ಬರಲಿ ಅಂತ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಗ್ರಾಫಿಕ್ಸ್ ಮೋಡಿಗೆ (ಅಕ್ಷರವನ್ನು ಚಿತ್ರವಾಗಿ ಮುದ್ರಿಸುವ ಬಗೆ) ಹಾಕಿ ನೋಡಿದೆ. ಅಕ್ಷರ ಚಂದ, ಆದರೆ ಒಂದು ಚೀಟಿಗೆ ಹತ್ತಿರ ಹತ್ತಿರ ಒಂದು ನಿಮಿಷ, ಜೊತೆಗೆ ರಿಬ್ಬನ್ ಖರ್ಚು. ಡ್ರೈವರ್‌ಗಳು ಹಾರ್ನ್ ಹೊಡೆಯತೊಡಗಿದ ಮೇಲೆ ಇಂಗ್ಲಿಷಿಗೇ ಮರಳಿದೆ. ಕಾರ್ಬನ್ ಪ್ರತಿ ಬೇಕಿರುವ ತನಕ ಆ ಪ್ರಿಂಟರ್ ಬಿಡುವಂತಿಲ್ಲ.

ಕರೆಂಟ್ ಹೋಗಿ ಬಂದಾಗ ಕಪ್ಪು ಪರದೆಯಲ್ಲಿ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ನಿಂತರೆ, ಡಿಸ್ಕ್ ಸರಿಪಡಿಸುವ ಕಮಾಂಡ್ ಇದು: ಎಫ್‌ಎಸ್‌ಸಿಕೆ, ಮೈನಸ್ ವೈ, ರೂಟ್ ಪಾರ್ಟಿಶನ್ನಿನ (ಲಿನಕ್ಸ್ ಇರುವ ಡಿಸ್ಕಿನ ಭಾಗ) ಹೆಸರು, ಮುಗಿದ ಮೇಲೆ ಎಕ್ಸಿಟ್. ಇದನ್ನು ರಟ್ಟಿನ ಮೇಲೆ ಬರೆದು ಮಾನಿಟರಿಗೆ ಅಂಟಿಸಿದ್ದೇನೆ, ಗುಮಾಸ್ತರೇ ಮಾಡಿಕೊಳ್ಳುತ್ತಾರೆ. ವಾರದೊಳಗೆ ಮತ್ತೆ ಬಂದರೆ ಡಿಸ್ಕ್ ಸಾಯುತ್ತಿರಬಹುದು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡಿ, ಮೊದಲು ಡೇಟಾ ನಕಲು ಮಾಡಿ, ಆಮೇಲೆ ಎಫ್‌ಎಸ್‌ಸಿಕೆ. ಚೀಟಿಯಲ್ಲಿ ತಾರೀಖು ಹಳೆಯದು ಬಂದರೆ ಕಂಪ್ಯೂಟರಿನ ಗಡಿಯಾರ ನಡೆಸುವ 40 ರೂಪಾಯಿಯ ಸಿಆರ್2032 ಸೆಲ್ ಬದಲಿಸಿ.

ಇಂಡಿಕೇಟರಿನ ಕ್ಯಾಲಿಬ್ರೇಶನ್ ಸೀಲನ್ನು ಮಾತ್ರ ಮುಟ್ಟಬೇಡಿ, ಅದು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ. ಇಂಡಿಕೇಟರಿನಲ್ಲೂ ಪರದೆಯಲ್ಲೂ ಒಂದೇ ಅಂಕಿ ಇದ್ದು, ತೂಕ ಮಾತ್ರ ತಪ್ಪಿದ್ದರೆ ಕಂಪ್ಯೂಟರ್ ಕೆದಕುವುದು ದಂಡ. ಒಂದೇ ಟ್ರ್ಯಾಕ್ಟರನ್ನು ಪ್ಲಾಟ್‌ಫಾರ್ಮಿನ ಎರಡೂ ತುದಿಗೆ, ಮತ್ತೆ ನಡುವೆ ನಿಲ್ಲಿಸಿ ನೋಡಿ. ನಮ್ಮಲ್ಲಿ ಒಂದು ತುದಿಗೆ ಸುಮಾರು 60 ಕೆಜಿ ಕಡಿಮೆ ತೋರಿಸಿತು. ಲೋಡ್‌ಸೆಲ್ (ಪ್ಲಾಟ್‌ಫಾರ್ಮಿನ ಕೆಳಗೆ ತೂಕ ಅಳೆಯುವ ಸಾಧನ) ಇಲ್ಲವೇ ಅವುಗಳ ತಂತಿ ಕೂಡುವ ಜಂಕ್ಷನ್ ಬಾಕ್ಸ್ ಕೆಟ್ಟಿರಬೇಕು. ಮೆಕ್ಯಾನಿಕ್‌ಗೆ ಯಾವ ತುದಿ, ಎಷ್ಟು ಕಡಿಮೆ ಅಂತ ಫೋನಿನಲ್ಲೇ ಹೇಳಿದ್ದರಿಂದ ಲೋಡ್‌ಸೆಲ್ ಜೊತೆಗೇ ತಂದರು; ಒಂದು ಟ್ರಿಪ್ಪಿನ ದುಡ್ಡು ಉಳಿಯಿತು, ಮುದ್ರೆಯ ಶುಲ್ಕ ಮಾತ್ರ ಬೇರೆ ಬಿತ್ತು.