ತಲೇಲಿ ಒಂದೇ ಸಲಕ್ಕೆ ಎಷ್ಟು ನಿಲ್ಲುತ್ತೆ, ನಿಲ್ಲಿಸ್ಕೊಳ್ಳೋದು ಹೇಗೆ

ಮೊದ್ಲು ಈ ನಂಬರ್ ಒಂದೇ ಒಂದ್ಸಲ ಓದಿ: 659105917491. ಈಗ ಸ್ಕ್ರೀನಿಂದ ಕಣ್ಣು ತೆಗೆದು ವಾಪಸ್ ಹೇಳಿ ನೋಡೋಣ. ಹೆಚ್ಚಿನವರಿಗೆ ಆರೋ ಏಳೋ ಅಂಕಿ ಆಗೋಷ್ಟರಲ್ಲಿ ಮಿಕ್ಕಿದ್ದೆಲ್ಲ ಹಾರಿಹೋಗಿರುತ್ತೆ. ಸರಿ, ಅದೇ ಹನ್ನೆರಡು ಅಂಕೀನ ಉಲ್ಟಾ ಬರೀತೀನಿ: 194719501956. ಸ್ವಾತಂತ್ರ್ಯ ಬಂದಿದ್ದು, ಗಣರಾಜ್ಯ ಆಗಿದ್ದು, ಕರ್ನಾಟಕ ಒಂದಾಗಿದ್ದು, ಅಷ್ಟೇ. ಇನ್ನು ನಾಳೆ ಬೆಳಿಗ್ಗೆ ಕೇಳಿದ್ರೂ ಹೇಳ್ತೀರ. ಅಂಕಿ ಒಂದೂ ಬದಲಾಗಿಲ್ಲ, ನಿಮ್ಮ ಮೆದುಳೂ ಬದಲಾಗಿಲ್ಲ.

ಈ ಕ್ಷಣಕ್ಕೆ ಬೇಕಾದ್ದನ್ನ ತಲೇಲಿ ಹಿಡ್ಕೊಂಡು ಅದರ ಮೇಲೇ ಕೆಲಸಾನೂ ಮಾಡ್ತೀವಲ್ಲ, ಅದಕ್ಕೆ ವರ್ಕಿಂಗ್ ಮೆಮೊರಿ ಅಂತಾರೆ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ (ಹೌದು, ಅದೇ ವರ್ಷ) ತಲೇಲಿ ಒಂದ್ಸಲಕ್ಕೆ ನಿಲ್ಲೋದು ಏಳು, ಒಂದೆರಡು ಹೆಚ್ಚುಕಮ್ಮಿ ಅಂತ ಬರೆದ್ರು, ಇವತ್ತಿಗೂ ಎಲ್ಲಾ ಕಡೆ ಅದನ್ನೇ ಹೇಳ್ತಾರೆ, ಆದ್ರೆ 2001ರಲ್ಲಿ ನೆಲ್ಸನ್ ಕೋವನ್ ಅನ್ನೋ ಇನ್ನೊಬ್ಬ ಮನೋವಿಜ್ಞಾನಿ ಹೇಳಿದ್ದೇನಂದ್ರೆ ಮನಸ್ಸಲ್ಲೇ ಗೊಣಗೋಕೆ, ಗುಂಪು ಕಟ್ಕೊಳ್ಳೋಕೆ ಬಿಡದೆ ಟೆಸ್ಟ್ ಮಾಡಿದ್ರೆ ನಿಲ್ಲೋದು ಸುಮಾರು ನಾಲ್ಕೇ. ನನ್ ಪ್ರಕಾರ ಕೆಲಸ ಶುರು ಮಾಡೋಕೆ ಈ ನಾಲ್ಕೇ ಒಳ್ಳೇ ಲೆಕ್ಕ. ನಾಲ್ಕನ್ನ ಎಂಟು ಮಾಡೋಕೆ ಒದ್ದಾಡ್ಬೇಡಿ, ಒಂದೊಂದರಲ್ಲೂ ಜಾಸ್ತಿ ತುಂಬಿಸೋದು ಕಲೀರಿ.

ತುಂಬಿಸೋದು ಅಂದ್ರೆ ಬರೀ ಕತ್ತರಿಸೋದಲ್ಲ. ಆಧಾರ್ ನಂಬರ್ ನಾಲ್ಕು-ನಾಲ್ಕು-ನಾಲ್ಕು ಅಂತ ಪ್ರಿಂಟ್ ಆಗಿರುತ್ತೆ, ಮೊಬೈಲ್ ನಂಬರ್ ಐದೈದು ಮಾಡಿ ಹೇಳ್ತೀವಿ, ಇದ್ರಿಂದ ಸ್ವಲ್ಪ ಅನುಕೂಲ ಆಗುತ್ತೆ ನಿಜ, ಆದ್ರೆ ಆ ತುಂಡಿಗೆ ನಿಮಗೆ ಮೊದ್ಲೇ ಗೊತ್ತಿರೋ ಯಾವ್ದಾದ್ರೂ ಅರ್ಥ ಅಂಟಿಸಿದಾಗ್ಲೇ ಮಜಾ. ವರ್ಷ, ಬಸ್ ನಂಬರ್, ಮನೆ ನಂಬರ್, ಕ್ರಿಕೆಟ್ ಸ್ಕೋರ್, ಏನಾದ್ರೂ ಸರಿ. ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟೀಲಿ ಒಬ್ಬ ಸ್ಟೂಡೆಂಟ್ ಇದ್ದ, ರಿಸರ್ಚ್ ಪೇಪರ್‌ಗಳಲ್ಲಿ ಎಸ್.ಎಫ್. ಅಂತ ಮಾತ್ರ ಬರುತ್ತೆ, ಓಟಗಾರ. ಎಲ್ಲರ ಥರಾನೇ ಏಳು ಅಂಕಿಯಿಂದ ಶುರು ಮಾಡ್ದ, ಕೇಳಿದ ಅಂಕಿಗಳನ್ನ ಹೆಚ್ಚಾಗಿ ರೇಸ್ ಟೈಮಿಂಗ್ ಅಂತ ಅರ್ಥ ಮಾಡ್ಕೊಂಡು, ಅಂದ್ರೆ 3492 ಬಂದ್ರೆ ಮೂರು ನಿಮಿಷ 49.2 ಸೆಕೆಂಡು, ಒಂದು ಮೈಲಿ ಓಟದ ಆಗಿನ ವಿಶ್ವದಾಖಲೆ ಹತ್ರತ್ರ ಅಂತ, 230 ಗಂಟೆ ಪ್ರಾಕ್ಟೀಸ್ ಆಗೋಷ್ಟರಲ್ಲಿ 79 ಅಂಕಿಗೆ ಹೋಗ್ಬಿಟ್ಟ. ಆಮೇಲೆ ಅಂಕಿ ಬಿಟ್ಟು ಅಕ್ಷರ ಕೊಟ್ರು. ಮತ್ತೆ ಸುಮಾರು ಆರಕ್ಕೆ ನಿಂತ!

ಇದನ್ನ ಓದಿದಾಗೆಲ್ಲ ನನಗೆ ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೆನಪಾಗುತ್ತೆ. ಎಂಟು ಜನ ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳೋರು, ಒಬ್ರು ಸಮಸ್ಯೆ ಅಂತ ಪದ್ಯದ ಒಂದು ಸಾಲು ಕೊಡ್ತಾರೆ, ಒಬ್ರು ದತ್ತಪದಿ ಅಂತ ಪದ್ಯದಲ್ಲಿ ಬರಲೇಬೇಕಾದ ಪದಗಳನ್ನ ಕೊಡ್ತಾರೆ, ಇನ್ನೊಬ್ರು ಅಕ್ಷರ ನಿಷೇಧ ಮಾಡ್ತಾ ಕೂತಿರ್ತಾರೆ, ಮಧ್ಯ ಮಧ್ಯ ಅಪ್ರಸ್ತುತ ಪ್ರಸಂಗದವರು ಬಂದು ತಮಾಷೆ ಪ್ರಶ್ನೆ ಕೇಳಿ ತಲೆ ಕೆಡಿಸ್ತಾರೆ, ಇಷ್ಟರಲ್ಲೂ ಪದ್ಯಗಳನ್ನ ಪಾದ ಪಾದವಾಗಿ ಕಟ್ತಾ ಹೋಗಿ ಕೊನೇಲಿ ಪೂರ್ತಿ ಒಪ್ಪಿಸ್ಬೇಕು. ಅಲ್ಲಿ ಕೆಲಸ ಮಾಡೋದು ದೊಡ್ಡ ವರ್ಕಿಂಗ್ ಮೆಮೊರಿ ಅಂತ ನನಗನ್ಸಲ್ಲ. ಛಂದಸ್ಸು ಮೈಗೂಡಿರೋವ್ರಿಗೆ ಒಂದು ಪಾದ ಅಂದ್ರೆ ಒಂದೇ ತುಂಡು, ನಮಗೆ ಅದೇ ಪಾದ ಹದಿನೈದಿಪ್ಪತ್ತು ಅಕ್ಷರ.

ಎರಡನೇ ಉಪಾಯ ಗೊಣಗೋದು, ಇದಕ್ಕೆ ನಾಚ್ಕೋಬೇಡಿ. ಅಲನ್ ಬ್ಯಾಡ್ಲಿ, ಗ್ರಹಾಂ ಹಿಚ್ ಅನ್ನೋ ಇಬ್ರು ಮನೋವಿಜ್ಞಾನಿಗಳು 1974ರಲ್ಲಿ ಹೇಳಿದ ಪ್ರಕಾರ ಮಾತು-ಶಬ್ದಕ್ಕೆ ಒಂದು ವ್ಯವಸ್ಥೆ, ಚಿತ್ರ-ಜಾಗಕ್ಕೆ ಇನ್ನೊಂದು, ಇವೆರಡನ್ನೂ ನೋಡ್ಕೊಳ್ಳೋಕೆ ಮೇಲೆ ಗಮನ. ಮಾತಿನ ಕಡೆ ಸುಮಾರು ಎರಡು ಸೆಕೆಂಡಲ್ಲಿ ಹೇಳಿ ಮುಗಿಸೋ ಅಷ್ಟು ನಿಲ್ಲುತ್ತೆ, ಹಾಗಾಗಿ ಓಟಿಪಿ ಬಂದಾಗ ಬೇಗ ಬೇಗ ಹೇಳ್ಕೊಳ್ತಾ ಟೈಪ್ ಮಾಡಿ, ಎಳೆದೆಳೆದು ಹೇಳಿದ್ರೆ ಕೊನೇದು ಬರೋಷ್ಟರಲ್ಲಿ ಮೊದಲ್ನೇದು ಹೋಗಿರುತ್ತೆ. ಕಣ್ಣಲ್ಲಿ ನೋಡಿದ ಅಕ್ಷರಾನೂ ತಲೆ ಒಳಗೆ ಶಬ್ದ ಆಗೇ ಕೂರುತ್ತೆ, ಅದಕ್ಕೇ ಬಿ, ಡಿ, ಪಿ, ಟಿ ಅದಲುಬದಲು ಆಗೋದು. ಪ್ಯಾನ್ ನಂಬರ್ ಹೇಳೋವಾಗ ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ ಅನ್ನಿ, ಕೇಳೋರಿಗೂ ಅನುಕೂಲ, ನಿಮಗೂ ಅನುಕೂಲ.

ಶಬ್ದ ಬೇರೆ ಚಿತ್ರ ಬೇರೆ ಆಗಿರೋದ್ರಿಂದ ಇನ್ನೊಂದು ಲಾಭ ಇದೆ. ಓದೋವಾಗ ಸಾಹಿತ್ಯ ಇರೋ ಹಾಡು ಹಾಕ್ಬೇಡಿ, ಎರಡೂ ಒಂದೇ ಕಡೆ ಜಗಳ ಆಡ್ತವೆ, ಬೇಕೇ ಬೇಕು ಅಂದ್ರೆ ಬರೀ ವೀಣೆನೋ ಕೊಳಲೋ ಕೇಳಿ. ಯಾರಾದ್ರೂ ದಾರಿ ಹೇಳಿದ್ರೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಅಂತ ಮಾತಲ್ಲಿ ಬಾಯಿಪಾಠ ಮಾಡೋ ಬದ್ಲು ಕಣ್ಮುಂದೆ ಮ್ಯಾಪ್ ಥರ ಬಿಡಿಸ್ಕೊಳ್ಳಿ.

ಈಗ ಮರೆವಿನ ವಿಷಯ. 1971ರಲ್ಲಿ ಹೋಕೀನ್ ಫುಸ್ಟರ್ ಅನ್ನೋ ನರವಿಜ್ಞಾನಿ ಕೋತಿಗಳ ಮುಂದೆ ತಿಂಡಿ ಮುಚ್ಚಿಟ್ಟು, ಪರದೆ ಎಳೆದು ಕಾಯಿಸಿದ್ರು. ಏನೂ ಕಾಣದೆ ಇದ್ದ ಅಷ್ಟು ಹೊತ್ತೂ ಹಣೆ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸಿನ ಕೆಲವು ನರಕೋಶಗಳು ಸಿಗ್ನಲ್ ಕಳಿಸ್ತಾನೇ ಇದ್ವು. ಪೂರ್ತಿ ಕಥೆ ಇಷ್ಟೇ ಅಲ್ಲ, ನರಕೋಶಗಳ ನಡುವಿನ ಸಂಪರ್ಕ ಸ್ವಲ್ಪ ಹೊತ್ತು ಗಟ್ಟಿ ಆಗಿರೋದ್ರಿಂದ್ಲೂ ನೆನಪು ನಿಲ್ಲುತ್ತೆ ಅಂತ ಈಗ ಹೇಳ್ತಾರೆ. ಏನೇ ಆದ್ರೂ ಮಧ್ಯ ಬೇರೆ ಕೆಲಸ ಬಂದ್ರೆ ಹಿಡಿತ ತಪ್ಪುತ್ತೆ. 1959ರಲ್ಲಿ ಪೀಟರ್ಸನ್ ಅನ್ನೋ ಸಂಶೋಧಕ ದಂಪತಿ ಜನರಿಗೆ ಬರೀ ಮೂರು ಅಕ್ಷರ ಹೇಳಿ, ತಕ್ಷಣ ಒಂದು ಸಂಖ್ಯೆಯಿಂದ ಮೂರು ಮೂರು ಕಳೀತಾ ಹಿಂದಕ್ಕೆ ಎಣಿಸಿ ಅಂದ್ರು, 18 ಸೆಕೆಂಡಲ್ಲಿ ಹೆಚ್ಚುಕಮ್ಮಿ ಎಲ್ಲಾ ಮರೆತಿತ್ತು.

ಹಾಗಾಗಿ ಯಾರಾದ್ರೂ ಕರೆದಾಗ ತಕ್ಷಣ ಎದ್ದೋಗ್ಬೇಡಿ. ಒಂದು ಸೆಕೆಂಡ್ ಅಂತ ಹೇಳಿ, ಮುಂದೆ ಏನ್ ಮಾಡ್ಬೇಕು ಅನ್ನೋದನ್ನ ಅರ್ಧ ಸಾಲು ಗೀಚಿಟ್ಟು ಆಮೇಲೆ ಏಳಿ. ಎಲ್ಲಿದ್ದೆ ಅಂತ ಬರೆದ್ರೆ ಅಷ್ಟು ಉಪಯೋಗ ಇಲ್ಲ, ಮುಂದಿನ ಹೆಜ್ಜೆ ಬರೀಬೇಕು. ಬಾಯ್ಲೆಕ್ಕದಲ್ಲೂ ಇದೇ, 47 ಇಂಟು 6 ಅಂದ್ರೆ 240 ಅಂತ ಮೊದ್ಲು ಬೆರಳ ತುದೀಲೋ ಕಾಗದದಲ್ಲೋ ಇಳಿಸಿ, ಆಮೇಲೆ ಆರೇಳು ನಲವತ್ತೆರಡು ಸೇರಿಸಿ. ಮಗ್ಗಿ ಬಾಯಿಗೆ ಬರೋದ್ರಿಂದ ಆ ನಲವತ್ತೆರಡಕ್ಕೆ ತಲೇಲಿ ಜಾಗಾನೇ ಬೇಕಾಗಲ್ಲ, ಇಷ್ಟಕ್ಕಾದ್ರೂ ಮಕ್ಕಳಿಗೆ ಮಗ್ಗಿ ಕಲಿಸಿ ಅಂತೀನಿ ನಾನು.

ಮಕ್ಕಳಿಗೆ ಈ ಜಾಗ ದೊಡ್ಡೋರಿಗಿಂತ ಕಮ್ಮಿ, ಬೆಳೀತಾ ಬೆಳೀತಾ ಜಾಸ್ತಿ ಆಗುತ್ತೆ. ಬ್ಯಾಗ್ ಇಡು, ಕೈಕಾಲು ತೊಳಿ, ಟಿಫನ್ ಡಬ್ಬಿ ಸಿಂಕಿಗೆ ಹಾಕು, ಡೈರಿ ತಗೊಂಡ್ ಬಾ ಅಂತ ಒಂದೇ ಉಸಿರಲ್ಲಿ ಹೇಳಿ, ಮಗು ಕೈಕಾಲು ತೊಳೆದು ಸುಮ್ನೆ ನಿಂತ್ರೆ ಮಾತೇ ಕೇಳಲ್ಲ ಅಂತ ಬೈತೀವಿ, ಪಾಪ ಅದು ಮಿಕ್ಕಿದ್ದನ್ನ ಉದಾಸೀನ ಮಾಡಿಲ್ಲ, ಮಿಕ್ಕಿದ್ದು ಅಲ್ಲಿ ಇಲ್ವೇ ಇಲ್ಲ. ಒಂದ್ಸಲಕ್ಕೆ ಒಂದೋ ಎರಡೋ ಹೇಳಿ, ಅದರ ಬಾಯಲ್ಲೇ ವಾಪಸ್ ಹೇಳಿಸಿ.

ಕೊನೇದಾಗಿ ಬ್ರೇನ್ ಟ್ರೈನಿಂಗ್ ಆ್ಯಪ್‌ಗಳು. ಆಡ್ತಾ ಆಡ್ತಾ ಆ ಗೇಮಲ್ಲಿ ಸ್ಕೋರ್ ಏರುತ್ತೆ, ಎಸ್.ಎಫ್.ಗೆ ಅಂಕಿ ಏರಿದ ಹಾಗೆ, ಬೇರೆ ಕೆಲಸಕ್ಕೆ ಅದು ಅಷ್ಟಾಗಿ ಬರಲ್ಲ. ದುಡ್ಡು ಕೊಡೋದಿದ್ರೆ ಜೇಬಲ್ಲಿ ಹಿಡಿಯೋ ಒಂದು ಸಣ್ಣ ನೋಟ್‌ಬುಕ್ಕಿಗೆ ಕೊಡಿ, ಪೆನ್ನು ಮಾತ್ರ ಅದಕ್ಕೇ ದಾರ ಕಟ್ಟಿ ಇಟ್ಕೊಳ್ಳಿ.