ಸೈಕಲ್ ವಾಲ್‌ಟ್ಯೂಬಿನ ರಕ್ತನಾಳ

"ಕ್ಯಾನುಲಾ ಹಾಕೋದನ್ನ ಫೋನಲ್ಲಿ ಹೇಳಿಕೊಡ್ತೀರಾ ಮೇಡಂ? ಹಾಗೇ ಈಜೂ ಹೇಳಿಕೊಟ್ಬಿಡಿ" ಅಂತ ಸ್ಟಾಫ್ ರೂಮಲ್ಲಿ ನಕ್ಕಿದ್ದರು. ಕ್ಯಾನುಲಾ ಅಂದರೆ ಡ್ರಿಪ್ ಕೊಡಲು ಸೂಜಿಯ ಮೇಲೆ ಕೂರಿಸಿ ರಕ್ತನಾಳದೊಳಗೆ ಇಳಿಸುವ ಪುಟ್ಟ ಪ್ಲಾಸ್ಟಿಕ್ ಕೊಳವೆ. 2020ರ ಲಾಕ್‌ಡೌನ್. ಕಾಲೇಜಿನಲ್ಲಿ ನಾನು ಪಾಠ ಮಾಡುವ 38 ಮಕ್ಕಳೂ ಊರು ಸೇರಿದ್ದರು. ಒಬ್ಬಳು ನೆಟ್‌ವರ್ಕ್ ಸಿಗಲೆಂದು ನೀರಿನ ಟ್ಯಾಂಕ್ ಹತ್ತಿ ಕೂರುತ್ತಿದ್ದಳು.

ಮೊದಲ ತಿಂಗಳು ವಿಡಿಯೋ ತೋರಿಸಿದ್ದೇ ಬಂತು. ಹಂತಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು, ಕೈಗೆ ಏನೂ ಬಂದಿರಲಿಲ್ಲ. ಕೊರಿಯರ್‌ನಲ್ಲಿ ಅಭ್ಯಾಸಕ್ಕೊಂದು ನಕಲಿ ರಕ್ತನಾಳದ ಕಿಟ್ ಕಳಿಸೋಣ ಅಂತ ಹೊರಟೆ. ಡ್ರಿಪ್ ಹಾಕುವ ಐವಿ ಸೆಟ್ಟಿನ ಟ್ಯೂಬನ್ನೇ ಸ್ಪಂಜಿನಲ್ಲಿ ಹೂತು ನೋಡಿದೆ: ಗಟ್ಟಿ, ಸೂಜಿ ಜಾರುತ್ತದೆ. ಬಲೂನು ಒಂದೇ ಚುಚ್ಚಿಗೆ ಢಮಾರ್. ಕೊನೆಗೆ ಕೈಹಿಡಿದದ್ದು ಸೈಕಲ್ ಚಕ್ರದ ವಾಲ್ವಿಗೆ ತೊಡಿಸುವ ತೆಳು ರಬ್ಬರ್ ಕೊಳವೆ, ಸೈಕಲ್ ಶಾಪಿನ ವಾಲ್‌ಟ್ಯೂಬ್. ಒಂದು ತುದಿಗೆ ದಾರದ ಗಂಟು, ಇನ್ನೊಂದಕ್ಕೆ ಸಿರಿಂಜ್, ಮೇಲೆ ಚರ್ಮಕ್ಕೆ ಬದಲು ಗ್ಲೌಸ್. ರಕ್ತಕ್ಕೆಂದು ಕುಂಕುಮದ ಪೊಟ್ಟಣ ಕಳಿಸಿ ಕೆಟ್ಟೆ. ಗಸಿ ಕೂತು ಕಟ್ಟಿಕೊಂಡಿತು, ಹತ್ತು ಕಿಟ್ ದಂಡ. ಬೀಟ್‌ರೂಟ್ ರಸ ಸೋಸಿ ಹಾಕಿಸಿದ ಮೇಲೆ ಸರಿಹೋಯಿತು. ಕಿಟ್ ಒಂದಕ್ಕೆ ಕೊರಿಯರ್ ಸೇರಿ ಇನ್ನೂರರ ಆಸುಪಾಸು. ದುಡ್ಡು ನನ್ನ ಸಂಬಳದ್ದು, ಅರ್ಧ ಇನ್ನೂ ವಾಪಸ್ ಬಂದಿಲ್ಲ.

ಕ್ಯಾಮೆರಾದಲ್ಲಿ ಮುಖ ಬೇಡ, ಕೈ ಕಾಣಲಿ ಅಂದೆ. ಆಗ ಗೊತ್ತಾಯಿತು. ನೀಲಿ ಬಣ್ಣದ 22ರ ಅಳತೆಯ ಕ್ಯಾನುಲಾದ ಹಿಂದಿನ ಚೇಂಬರಿನಲ್ಲಿ ಕೆಂಪು ಕಂಡದ್ದೇ ತಡ, ಅಂದರೆ ಸೂಜಿ ನಾಳ ಸೇರಿದ್ದೇ ತಡ, ಖುಷಿಯಲ್ಲಿ ಸೂಜಿಯನ್ನೂ ತಳ್ಳಿ ನಾಳದ ಆಚೆಗೋಡೆ ತೂತು ಮಾಡುತ್ತಿದ್ದರು. ಮಾಡಬೇಕಾದ್ದು ಇಷ್ಟು: ಕೋನ ತಗ್ಗಿಸು, ಒಂಚೂರು ಮುಂದೆ ಹೋಗು, ಆಮೇಲೆ ಸೂಜಿ ಹಿಡಿದುಕೊಂಡು ಕ್ಯಾತಿಟರ್ (ಆ ಪ್ಲಾಸ್ಟಿಕ್ ಕೊಳವೆ) ಮಾತ್ರ ಜಾರಿಸು. ಲ್ಯಾಬಿನಲ್ಲಿ ಅಷ್ಟು ತಲೆಗಳ ಹಿಂದೆ ನಿಂತು ಈ ತಪ್ಪನ್ನು ನಾನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ವಯಸ್ಸಾದವರ ನಾಳದಂತೆ ಟ್ಯೂಬ್ ಅತ್ತಿತ್ತ ಜಾರಲೆಂದು ಸ್ಪಂಜಿಗೆ ಒಂದು ಉಪಾಯ ಮಾಡಿದ್ದೇನೆ. ಅದನ್ನು ಮಾತ್ರ ಬರೆಯುವುದಿಲ್ಲ, ನನ್ನ ಪರೀಕ್ಷೆಗಿರಲಿ.

ನಡುವೆ ಸ್ಟೆತಸ್ಕೋಪಿನ ಕೊಳವೆಗೆ ಇಯರ್‌ಫೋನ್ ಮೈಕ್ ತುರುಕಿ ಎದೆಬಡಿತ ಕೇಳಿಸಲು ಹೋದೆ. ಫ್ಯಾನು, ಯಾರದೋ ಮನೆಯ ಕುಕ್ಕರ್ ಕೇಳಿಸಿತು. ಬಿಟ್ಟೆ.

ಸೂಜಿ ಲೆಕ್ಕ ಮಾತ್ರ ಬಿಗಿ: ಮನೆಯವರಿಗೆ ಚುಚ್ಚುವ ಹಾಗಿಲ್ಲ, ಕಳಿಸಿದಷ್ಟೂ ಗಟ್ಟಿ ಡಬ್ಬಿಯಲ್ಲಿ ವಾಪಸ್ ಬರಬೇಕು. ಬಾರದ ಮೂರು ಸೂಜಿಗೆ ವಾರವಿಡೀ ಫೋನ್ ಮಾಡಿದ್ದೇನೆ.

ಕಾಲೇಜು ತೆರೆದಾಗ ಮ್ಯಾನೆಕ್ವಿನ್ (ಅಭ್ಯಾಸದ ಬೊಂಬೆ) ಕೈಗೆ 25-26 ಮಕ್ಕಳು ಮೊದಲ ಚುಚ್ಚಿಗೇ ಹಾಕಿದರು. ಹಿಂದಿನ ಬ್ಯಾಚಿನಲ್ಲಿ ಅರ್ಧವೂ ಇಲ್ಲ. ನಕ್ಕವರೇ ಬಂದು ವಾಲ್‌ಟ್ಯೂಬ್ ಯಾವ ಅಂಗಡಿಯದು ಅಂತ ಕೇಳಿದರು.

ಆದರೆ ವಾರ್ಡಿನ ಮೊದಲ ದಿನ, ಆ ಟ್ಯಾಂಕಿನ ಹುಡುಗಿ ಸೊಗಸಾಗಿ ಕ್ಯಾನುಲಾ ಹಾಕಿ, ಟೇಪ್ ಅಂಟಿಸಿ, ನಾಳ ಉಬ್ಬಲೆಂದು ತೋಳಿಗೆ ಬಿಗಿದ ಪಟ್ಟಿ, ಟೂರ್ನಿಕೆಟ್, ಬಿಚ್ಚುವುದನ್ನೇ ಮರೆತು ನಿಂತಳು. ನಾನೇ ಬಿಚ್ಚಿದೆ. ಬೈಯಲು ಬಾಯಿ ಬರಲಿಲ್ಲ; ನನ್ನ ಸ್ಪಂಜಿಗೆ ಟೂರ್ನಿಕೆಟ್ ಕಟ್ಟಿಸಿಯೇ ಇರಲಿಲ್ಲ.